ಹಳೆಯವೆಂದು ಒಪ್ಪಿದ ಗಡಿಗೆಗಳು

ನನ್ನನ್ನು ಗಡಿಗೆಗಳ ಆಯ್ಕೆಗೆ ಕರೆದವನು ಪಿಯುಸಿಯಲ್ಲಿ ಎರಡು ವರ್ಷ ನನ್ನ ಇತಿಹಾಸದ ನೋಟ್ಸ್ ನಕಲು ಮಾಡಿಯೂ ಆ ಒಂದೇ ವಿಷಯದಲ್ಲಿ ಫೇಲಾದವನು. ಈಗ ಗಂಗಾವತಿಯಲ್ಲಿ ಅವನದೊಂದು ಅಕ್ಕಿ ಗಿರಣಿ ಇದೆ. ಹನುಮನಹಳ್ಳಿಯ ಹತ್ತಿರ, ಬೆಟ್ಟ ಕಾಣುವ ಹಾಗೆ ಕಟ್ಟಿಸಿದ ರೆಸಾರ್ಟ್ ಇದೆ. ಅಂಜನಾದ್ರಿ ಹತ್ತಿ ಇಳಿದ ಯಾತ್ರಿಕರಿಗೆ ಕಾಲು ಚಾಚಲು ಜಾಗ ಬೇಕು, ಕಾಲು ಚಾಚಿದ ಮೇಲೆ ನೋಡಲು ಏನಾದರೂ ಬೇಕು. ಆ 'ಏನಾದರೂ' ಎಂಬುದಕ್ಕೆ ಅವನು ಪ್ರಾಚೀನ ಮಡಿಕೆಗಳ ಸಂಗ್ರಹ ಎಂದು ಹೆಸರಿಟ್ಟಿದ್ದ.

"ನೀವು ಕುಂಬಾರ ಮನಿಯಾಕಿ, ಮ್ಯಾಲ ಇತಿಹಾಸ ಕಲಿಸ್ತೀರಿ. ಎರಡೂ ಒಂದ ಕಡಿ ಸಿಕ್ಕಂಗಾತು ನನಗ," ಎಂದ ಫೋನಿನಲ್ಲಿ. "ಯಾವ್ದು ಇಡಬೇಕು, ಯಾವ್ದು ಬಿಡಬೇಕು, ನೀವು ಹೇಳಿದ್ದ ಕೊನಿ ಮಾತು."

ಅವನು ಮಾತು ಮುಗಿಸುವ ಮೊದಲೇ ನಾನು ಒಪ್ಪಿಕೊಂಡಿದ್ದೆ. ಯಲಬುರ್ಗಾದ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಯಾವುದೇ ವಿಷಯದ ಮೇಲೆ ನನ್ನದು ಕೊನೆಯ ಮಾತು ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹೊಗಳಿಕೆಗೆ ಅಷ್ಟು ಸುಲಭವಾಗಿ ಬೀಳುವವಳು ಬೇರೆಯವರನ್ನು ಹೀಯಾಳಿಸಬಾರದು ಎಂಬುದು ನನಗೆ ಗೊತ್ತು. ಆದರೂ ಹೀಯಾಳಿಸುತ್ತೇನೆ. ಅವರು ಅದಕ್ಕೆ ಅರ್ಹರು.

ಮೊದಲ ಭಾನುವಾರ ಬಸ್ಸು ಹಿಡಿದು ಕೊಪ್ಪಳ ದಾಟಿ, ಗಂಗಾವತಿಯಲ್ಲಿ ಇಳಿದು, ಅವನು ಕಳಿಸಿದ ಕಾರಿನಲ್ಲಿ ಅಲ್ಲಿಗೆ ಹೋದೆ. ಉದ್ದನೆಯ ಹಜಾರ. ನೆಲಕ್ಕೆ ಸೆಗಣಿ ಸಾರಿಸಿದಂತೆ ಕಾಣುವ ಟೈಲ್ಸ್ ಹಾಕಿಸಿದ್ದ. ನಮ್ಮ ಮನೆಯ ನೆಲಕ್ಕೆ ನಿಜವಾಗಿ ಸೆಗಣಿ ಸಾರಿಸುತ್ತಿದ್ದ ಕಾಲದಲ್ಲಿ ಇದೇ ಮನುಷ್ಯ ಒಮ್ಮೆ ನೋಟ್ಸ್ ಕೇಳಲು ಬಂದು, ಪ್ಯಾಂಟ್ ಹೊಲಸಾಗುತ್ತದೆಂದು ಹೊಸ್ತಿಲಲ್ಲೇ ನಿಂತಿದ್ದ.

ಗೋಡೆಯುದ್ದಕ್ಕೂ ಗಡಿಗೆ, ಕೊಡ, ನೀರು ತುಂಬಿಡುವ ಹರವಿ, ಮುಚ್ಚಳ, ಕಾಳು ತುಂಬುವ ದೊಡ್ಡ ವಾಡೆ, ಬೆಣ್ಣೆಯ ಕುಡಿಕೆಗಳ ಸಾಲು ನಿಂತಿತ್ತು. ಕುಷ್ಟಗಿಯ ಗುಜರಿ ವ್ಯಾಪಾರಿಯೊಬ್ಬ ಎರಡು ಟೆಂಪೋ ತುಂಬಿ ತಂದು ಸುರಿದದ್ದಂತೆ. ಹಳ್ಳಿಹಳ್ಳಿ ತಿರುಗಿ ಒಂದು ಗಡಿಗೆಗೆ ಒಂದು ಪ್ಲಾಸ್ಟಿಕ್ ಬಕೆಟ್ ಕೊಟ್ಟಿದ್ದ. ಹೆಂಗಸರು ಸಂತೋಷದಿಂದ ಕೊಟ್ಟಿರಬೇಕು. ಬಕೆಟ್ಟು ಬಿದ್ದರೆ ಒಡೆಯುವುದಿಲ್ಲ.

ಅಲ್ಲಿ ಇನ್ನೊಬ್ಬರಿದ್ದರು. ಬೆಂಗಳೂರಿನ ಅಲಂಕಾರ ತಜ್ಞ. ಬಿಳಿ ಸಡಿಲು ಅಂಗಿ, ಕೊರಳಲ್ಲಿ ಮರದ ಮಣಿ. ಆತ ಗಡಿಗೆಗೆ ಗಡಿಗೆ ಎನ್ನುತ್ತಿರಲಿಲ್ಲ, 'ಪೀಸ್' ಎನ್ನುತ್ತಿದ್ದ. ನಾನು ಬರುವ ಹಿಂದಿನ ದಿನವೇ ಎಲ್ಲ ಪೀಸುಗಳ ತಳದ ಮಸಿಯನ್ನು ಕಕ್ಕಸು ತೊಳೆಯುವ ಆಸಿಡ್ ಹಾಕಿ ಉಜ್ಜಿಸಿದ್ದ. ಉಜ್ಜಿದ ಮೇಲೆ ತೀರ ಹೊಸದಾಗಿ ಕಂಡವಂತೆ. ಅದಕ್ಕೆ ಚಹಾದ ಡಿಕಾಕ್ಷನ್ನು, ಬೂಟ್ ಪಾಲಿಶ್ ಬಳಿಸಿ ಮತ್ತೆ ಹಳೆಯದು ಮಾಡಿಸಿದ್ದ. ಒಂದು ಗಡಿಗೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದೆ. ಮೂವತ್ತು ವರ್ಷ ಸಾರು ಕುದಿಸಿದ ಗಡಿಗೆ ನನ್ನ ಶಾಲೆಯ ಹೆಡ್‌ಮಾಸ್ತರರ ಬೂಟಿನ ವಾಸನೆ ಹೊಡೆಯುತ್ತಿತ್ತು.

"ಮಸಿ ಯಾಕ ತೆಗಿಸಿದ್ರಿ?" ಎಂದೆ.

"ಮೇಡಂ, ಅದು ಗಲೀಜು. ಇದು ಹಳೆತನ," ಎಂದ.

ಆಯ್ಕೆಯ ನಿಯಮ ಏನು ಎಂದು ಕೇಳಿದೆ. ನಿಯಮವೇ ಇರಲಿಲ್ಲ. ಗಿರಣಿ ಮಾಲೀಕನ ಪ್ರಕಾರ ಒಡಕು, ಬಿರುಕು ಇರಬಾರದು, ಫೋಟೊದಲ್ಲಿ ಚಂದ ಬರಬೇಕು. ತಜ್ಞನ ಪ್ರಕಾರ ಹಳೆಯದು ಹಳೆಯದರ ಹಾಗೆ ಕಾಣಬೇಕು. ನಾನು ನನ್ನದನ್ನು ಹೇಳಿದೆ: ಒಲೆ ಕಂಡದ್ದು ಬೇಕು, ನೀರು ಹೊತ್ತದ್ದು ಬೇಕು, ಯಾವ ಊರಿನ ಮಣ್ಣು, ಯಾರ ಮನೆಯಿಂದ ಬಂತು, ಏನಕ್ಕೆ ಬಳಸಿದರು ಎಂದು ಗೊತ್ತಿರುವುದು ಬೇಕು. ವಯಸ್ಸು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು. ಇಬ್ಬರೂ ತಾಳ್ಮೆಯಿಂದ ಕೇಳಿದರು, ಮಳೆ ನಿಲ್ಲಲೆಂದು ಸೂರಿನ ಕೆಳಗೆ ಕಾಯುವವರ ಹಾಗೆ.

ಆಮೇಲೆ ಆಯ್ಕೆ ಶುರುವಾಯಿತು. ಒಂದು ರೊಟ್ಟಿ ಹಂಚು ಇತ್ತು. ಅಂಚಿನ ಒಂದು ಕಡೆ ಹಿಡಿದು ಹಿಡಿದು ಸವೆದು ಹೆಬ್ಬೆರಳು ಕೂರುವಷ್ಟು ತಗ್ಗಾಗಿತ್ತು. ಆ ತಗ್ಗಿಗೆ ನನ್ನ ಬೆರಳಿಟ್ಟು ತೋರಿಸಿದೆ. ಚಪ್ಪಟೆ ಇದೆ, ದೀಪ ಬಿಟ್ಟರೆ ನೆರಳು ಬೀಳುವುದಿಲ್ಲ ಎಂದು ತಜ್ಞ ಅದನ್ನು ಹೊರಗಿಟ್ಟ. ಬೆಲ್ಲ, ಸುಣ್ಣ ಕಲಸಿ ಬಿರುಕು ಮುಚ್ಚಿದ್ದ ಹರವಿಯೊಂದಿತ್ತು. ಯಾವಳೋ ಹೆಂಗಸು ಅದನ್ನು ಬಿಸಾಡಲು ಮನಸ್ಸಾಗದೆ ಮತ್ತಷ್ಟು ವರ್ಷ ಬದುಕಿಸಿದ್ದಳು. ಅದೂ ಹೊರಗೆ ಹೋಯಿತು. ಒಳಗೆ ಬಂದದ್ದು ಪಿಂಗಾಣಿಯ ಉಪ್ಪಿನಕಾಯಿ ಜಾಡಿ. ಅದರ ತಳದಲ್ಲಿದ್ದ ಕಾರ್ಖಾನೆಯ ಅಕ್ಷರಗಳನ್ನು ಮರಳು ಕಾಗದದಿಂದ ತಿಕ್ಕಿ ಅಳಿಸಿದ ಗುರುತು ನನ್ನ ಕಣ್ಣಿಗೇ ಕಾಣುತ್ತಿತ್ತು.

ಇನ್ನೊಂದು ಪಾತ್ರೆಗೆ ತಳದಲ್ಲಿ ತೂತಿತ್ತು. ತಜ್ಞ ಅದನ್ನು ಎರಡೂ ಕೈಯಲ್ಲಿ ಎತ್ತಿ, ದನಿ ತಗ್ಗಿಸಿ, "ಇದು ಅಭಿಷೇಕದ ಪಾತ್ರೆ. ಈ ರಂಧ್ರದಿಂದ ಲಿಂಗದ ಮೇಲೆ ಹನಿಹನಿಯಾಗಿ ನೀರು ಬೀಳುತ್ತಿತ್ತು," ಎಂದ.

"ಅದು ನರ್ಸರಿ ಕುಂಡ," ಎಂದೆ ನಾನು. "ಕೆಳಗ ನೀರು ಹೋಗ್ಲಿ ಅಂತ ತೂತು ಬಿಟ್ಟಿರ್ತಾರ. ಒಳಗ ನೋಡ್ರಿ, ಗುಲಾಬಿ ಬೇರು ಇನ್ನೂ ಅಂಟಿಕೊಂಡೈತಿ."

ಮಾಲೀಕ ಹೊಟ್ಟೆ ಕುಣಿಸಿ ನಕ್ಕ. ಕುಂಡ ಹೊರಗೆ ಹೋಯಿತು. ಊಟ ಮುಗಿಸಿ ಬಂದು ನೋಡಿದರೆ ಮತ್ತೆ ಒಳಗೆ ಬಂದು ಕೂತಿತ್ತು, ಬೇರುಗಳನ್ನು ಕಿತ್ತು ಹಾಕಲಾಗಿತ್ತು. ನಾನು ಮುಂದಿನ ಗಡಿಗೆಗೆ ಹೋದೆ. ಊಟ ಚೆನ್ನಾಗಿತ್ತು. ಕೈಗೆ ಒಂದು ಕಾರ್ಡು ಬೇರೆ ಕೊಟ್ಟಿದ್ದರು, ಅದರಲ್ಲಿ ನನ್ನ ಹೆಸರಿನ ಕೆಳಗೆ ಸಲಹೆಗಾರರು ಎಂದು ಅಚ್ಚಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನು ಮೂರು ಸಲ ಪರ್ಸಿನಿಂದ ತೆಗೆದು ನೋಡಿದೆ.

ಎರಡನೆಯ ಭಾನುವಾರ ಹಜಾರದ ನಡುವೆ ಒಂದು ಕಟ್ಟೆ ಎದ್ದಿತ್ತು. ಅದರ ಮೇಲೆ ಒಂದೇ ಒಂದು ಗಡಿಗೆ, ಮೇಲಿನಿಂದ ಅದಕ್ಕೊಂದು ದೀಪ. ತಜ್ಞ ನನ್ನನ್ನು ಕಾಯುತ್ತ ನಿಂತಿದ್ದ.

"ಇದು ನಮ್ಮ ಸಂಗ್ರಹದ ಕಿರೀಟ, ಮೇಡಂ. ಕುತ್ತಿಗೆಯ ಸುತ್ತ ಈ ಅಲೆಯಂಥ ಗೆರೆಗಳನ್ನು ನೋಡಿ. ತುಂಗಭದ್ರೆಯ ಅಲೆ. ನಡುವೆ ಎರಡು ಕಡೆ ಗೆರೆ ಖಾಲಿ ಬಿಟ್ಟಿದ್ದಾರೆ. ಅದು ನದಿಯ ಎರಡು ದಡ. ಇಂಥ ಕಲ್ಪನೆ ವಿಜಯನಗರದ ಕಾಲದಲ್ಲಿ ಬಿಟ್ಟರೆ ಸಾಧ್ಯವಿಲ್ಲ."

ನಾನು ಹತ್ತಿರ ಹೋಗಿ ಬಗ್ಗಿದೆ. ನಾಲ್ಕು ಗೆರೆ, ಒಂದು ಖಾಲಿ, ಎರಡು ಗೆರೆ, ಮತ್ತೊಂದು ಖಾಲಿ, ಆಮೇಲೆ ಒತ್ತಾಗಿ ಗೆರೆಗಳು. ಇನ್ನೊಮ್ಮೆ ಎಣಿಸಿದೆ. ಅದೇ ಲೆಕ್ಕ ಬಂತು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಕುಷ್ಟಗಿ ಸಂತೆಯಿಂದ ನನಗೊಂದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಾಚಣಿಗೆ ತಂದಿದ್ದ. ವಾರದೊಳಗೆ ನನ್ನ ಗಂಟುಗೂದಲಿಗೆ ಸಿಕ್ಕು ಅದರ ಎರಡು ಹಲ್ಲು ಮುರಿದವು. ನಾನು ಅತ್ತು ರಂಪ ಮಾಡಿದೆ. ಆಗ ನಮ್ಮೊಂದಿಗೇ ಇದ್ದ ಸೋದರತ್ತೆ, "ತಾ ಇಲ್ಲಿ, ನನಗ ಬೇಕು," ಎಂದು ಅದನ್ನು ಕಸಿದುಕೊಂಡಳು. ಅಪ್ಪ ತಿಗರಿಯ ಚಕ್ರದ ಮೇಲೆ ಎತ್ತಿಕೊಟ್ಟ ಹಸಿ ಗಡಿಗೆಯನ್ನು ಹಲಗೆಯಿಂದ ತಟ್ಟಿ ತಟ್ಟಿ ತೆಳ್ಳಗೆ, ದುಂಡಗೆ ಮಾಡುವುದು ಅತ್ತೆಯ ಕೆಲಸ. ತಟ್ಟಿ ಮುಗಿದ ಮೇಲೆ ಆ ಮುರುಕು ಬಾಚಣಿಗೆಯನ್ನು ಕುತ್ತಿಗೆಗೆ ಒತ್ತಿ, ಕೈ ಕುಣಿಸುತ್ತ ಒಂದು ಸುತ್ತು ಎಳೆದಳು. ಅಳುತ್ತಿದ್ದ ನಾನು ಅಳು ನಿಲ್ಲಿಸಿ ನೋಡಿದೆ. ಅಂದಿನಿಂದ ನಮ್ಮ ಮನೆಯ ಗಡಿಗೆಗಳಿಗೆಲ್ಲ ಆ ಗೆರೆ.

"ಇದು ನಮ್ಮತ್ತಿ ಮಾಡಿದ್ದು," ಎಂದೆ. "ನನ್ನ ಬಾಚಣಿಗಿ ಇದು."

ತಜ್ಞನಿಗೆ ಅರ್ಥವಾಗಲಿಲ್ಲ. ವಿವರಿಸಿದೆ. ಅರ್ಥವಾದ ಮೇಲೆ ಆತ ಕೊರಳಿನ ಮಣಿ ಮುಟ್ಟಿಕೊಂಡು, "ಆ ವಿನ್ಯಾಸ ನಿಮ್ಮ ಮನೆತನಕ್ಕೆ ತಲೆತಲಾಂತರದಿಂದ ಬಂದಿರಬಹುದಲ್ಲ?" ಎಂದ.

"ಪ್ಲಾಸ್ಟಿಕ್ ಬಾಚಣಿಗಿಯಿಂದ ಬಂದದ್ದು," ಎಂದೆ.

ಮಾಲೀಕ ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದ. "ನೋಡ್ರಿ, ನಿಮ್ಮ ಮಾತು ಖರೇನ ಇರಬಹುದು. ಆದ್ರ ಇಲ್ಲಿಗೆ ಬರೋರು ದಿಲ್ಲಿಯಿಂದ, ಲಖನೌದಿಂದ ಬರ್ತಾರ. ಅವ್ರಿಗೆ ನಿಮ್ಮತ್ತಿ ಗುರ್ತು ಇಲ್ಲ. ವಿಜಯನಗರ ಗುರ್ತು ಐತಿ."

"ಗುರ್ತು ಮಾಡಿಸಿದ್ರಾತು. ಮುಂದಿನ ವಾರ ಕರಕೊಂಡು ಬರ್ತೀನಿ," ಎಂದುಬಿಟ್ಟೆ.

ಸೋದರತ್ತೆ ಬೇವೂರಿನ ಹತ್ತಿರದ ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಎಪ್ಪತ್ತರ ಹತ್ತಿರ ವಯಸ್ಸು. ಬೆಳಿಗ್ಗೆ ಕುರಿಗಳಿಗೆ ಮೇವು ಹಾಕಿ, ಇನ್ನೊಬ್ಬರ ಹೊಲದಲ್ಲಿ ಕಳೆ ಕೀಳಲು ಈಗಲೂ ಹೋಗುತ್ತಾಳೆ. ಗಡಿಗೆ ತಟ್ಟುವುದು ಬಿಟ್ಟು ವರ್ಷಗಳಾದವು. ನಿನ್ನ ಗಡಿಗೆ ಒಂದು ದೊಡ್ಡ ಜಾಗದಲ್ಲಿ ಇಟ್ಟಿದ್ದಾರೆ ಎಂದಾಗ ಅವಳ ಮುಖದಲ್ಲಿ ಹಿಗ್ಗೇನೂ ಕಾಣಲಿಲ್ಲ. "ಯಾರದರ ಮನ್ಯಾಗ ಇನ್ನೂ ಒಡೀಲಾರ್ದ ಉಳದೈತೇನ?" ಎಂದಷ್ಟೇ ಕೇಳಿದಳು.

ಮೂರನೆಯ ಭಾನುವಾರ ಇಬ್ಬರೂ ಹೋದೆವು. ಆ ನೆಲದ ಮೇಲೆ ಕಾಲಿಡುವಾಗ ಅವಳು ಚಪ್ಪಲಿ ಕಳಚಿದಳು, ನಿಜವಾದ ಸೆಗಣಿ ಸಾರಣೆ ಎಂದುಕೊಂಡು. ತಂಪು ಟೈಲ್ಸು ತಾಗಿದ ಕೂಡಲೇ ಮತ್ತೆ ಹಾಕಿಕೊಂಡಳು. ಸಾಲಾಗಿ ಇಟ್ಟದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಟಣ್ ಟಣ್ ಎಂದು ಬಡಿಯುತ್ತ ಹೋದಳು. "ಇದು ಸೀಳೈತಿ. ಇದು ಅರ್ಧ ಸುಟ್ಟದ್ದು. ಇದು ಛಲೋ ಐತಿ, ಯಾರ ಕೈಯೋ ಏನೋ." ಅಭಿಷೇಕದ ಪಾತ್ರೆಯ ಮುಂದೆ ನಿಂತು, "ಇದರಾಗ ಗಿಡ ಯಾಕಿಲ್ಲ?" ಎಂದಳು. ತಜ್ಞ ಫೋನು ನೋಡತೊಡಗಿದ.

ನಡುಗಟ್ಟೆಯ ಗಡಿಗೆಯ ಕೆಳಗೆ ಹಿತ್ತಾಳೆಯ ಫಲಕ ಬಂದಿತ್ತು. ಅತ್ತೆಗೆ ಓದಲು ಬರುವುದಿಲ್ಲ. ವಿಜಯನಗರ ಕಾಲ, ಐನೂರು ವರ್ಷ ಹಳೆಯದು ಎಂದು ಓದಿ ಹೇಳಿದೆ.

"ಐನೂರು?" ಎಂದಳು ಅವಳು. "ನನಗ ಎಪ್ಪತ್ತೂ ತುಂಬಿಲ್ಲಲ್ಲೋ ಯಪ್ಪಾ."

ಗಡಿಗೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ತಳ ತಡವಿದಳು. ಅವಳ ಮುಖ ಗಂಟಾಯಿತು. "ಇದನ್ನ ಯಾಕ ಇಟ್ಟೀರಿ? ಇದು ಸೋರ್ತೈತಿ. ಆ ಸಲ ಭಟ್ಟಿಗೆ ಹಸಿ ಕಟಗಿ ಹಾಕಿದ್ವಿ, ಇಡೀ ಸುಡು ಕೆಟ್ಟಿತ್ತು. ನಮ್ಮಣ್ಣ ಒಡದು ಹಾಕಂದ್ರ ನಾನ ಮನಸಾಗ್ಲಾರ್ದ ಒಬ್ಬಾಕಿಗೆ ಹಂಗ ಕೊಟ್ಟಿದ್ದೆ, ಕಾಳು ಇಡಾಕ. ನೀರು ಹಾಕಿ ನೋಡ್ರಿ."

ಬೇಡ ಬೇಡ ಎಂದು ಮಾಲೀಕ ಅನ್ನುವುದರೊಳಗೆ ಅವಳು ಮೇಜಿನ ಮೇಲಿದ್ದ ಬಾಟಲಿಯ ನೀರನ್ನು ಹೊಯ್ದೇಬಿಟ್ಟಳು. ನಾವು ನಾಲ್ವರೂ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಕಂದು ಬಣ್ಣದ ನೀರು ಕಟ್ಟೆಯ ಅಂಚಿನಿಂದ ಇಳಿಯತೊಡಗಿತು. ಕಂದು ಬಣ್ಣ ಮಣ್ಣಿನದಲ್ಲ, ಚಹಾದ್ದು.

"ನನ್ನ ಕೈಯಾಗ ಎಷ್ಟ್ ಛಲೋ ಗಡಿಗಿ ಆಗ್ಯಾವು. ಇದೊಂದ ಸಿಕ್ತೇನು ನಿಮಗ ದೀಪ ಹಚ್ಚಿ ತೋರ್ಸಾಕ?" ಎಂದಳು. ಅವಳಿಗೆ ಅದು ಗೌರವವಲ್ಲ, ನಾಚಿಕೆ. ಅವಳ ಬದುಕಿನ ಅತಿ ಕೆಟ್ಟ ಗಡಿಗೆಯನ್ನು ಊರೂರಿನವರು ಬಂದು ನೋಡುತ್ತಾರೆ. ನನಗೆ ಅದು ಮೊದಲೇ ಹೊಳೆದಿರಲಿಲ್ಲ. ನಾನು ಅವಳನ್ನು ಕರೆದುಕೊಂಡು ಬಂದದ್ದು ಇಬ್ಬರು ಗಂಡಸರ ಬಾಯಿ ಮುಚ್ಚಿಸಲು.

ಬಾಯಿಯಂತೂ ಮುಚ್ಚಲಿಲ್ಲ. ತಜ್ಞನ ಕಣ್ಣು ಹೊಳೆದವು. "ಸರ್, ಅಜ್ಜಿಯೇ ಇರಲಿ!" ಎಂದ. ಇಳಕಲ್ ಸೀರೆ ಉಡಿಸಿ, ಮೂಗಿಗೆ ದೊಡ್ಡ ನತ್ತು ಹಾಕಿ, ಹಜಾರದ ಮೂಲೆಯಲ್ಲಿ ತಿಗರಿಯ ಮುಂದೆ ಕೂರಿಸುವುದು. ಬಂದವರು ಪಕ್ಕದಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ.

"ತಿಗರಿ ತಿರುಗ್ಸಾಕ ನನಗ ಬರಂಗಿಲ್ಲ. ಅದು ನಮ್ಮಲ್ಲಿ ಗಂಡಸ್ರ ಕೆಲಸ. ನಾ ತಟ್ಟಾಕಿ," ಎಂದಳು ಅತ್ತೆ.

"ತಿರುಗಿಸಬೇಕಾಗಿಲ್ಲ ಅಜ್ಜಿ. ತಿರುಗಿಸಿದ ಹಾಗೆ ಕೂತರೆ ಸಾಕು."

ಅತ್ತೆ ಆತನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೀ ಏನ್ ಕೆಲಸ ಮಾಡ್ತಿಯಪಾ?" ಎಂದಳು. ಆತ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, "ಹಂಗಂದ್ರ ನೀನ ಕುಂದ್ರು. ನಿನಗ ಬರ್ತೈತಿ," ಎಂದು ನನ್ನ ಕಡೆ ತಿರುಗಿದಳು. "ನಡಿಯವ್ವಾ."

ಹೊರಡುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ರೈತ ನಿಂತಿದ್ದ. ನವಲಿಯವನು. ಇಲ್ಲಿ ಹಳೇ ಮಡಿಕೆ ತಗೋತಾರೆ ಎಂದು ಗುಜರಿ ವ್ಯಾಪಾರಿಯಿಂದ ಕೇಳಿ ಬಂದಿದ್ದ. ಗದ್ದೆ ಸಮ ಮಾಡಿಸುವಾಗ ಜೆಸಿಬಿ ಬಕೆಟ್ಟಿಗೆ ಕಲ್ಲು ಚಪ್ಪಡಿ ತಾಗಿತಂತೆ. ಅದರ ಕೆಳಗೆ ಸಿಕ್ಕದ್ದನ್ನು ಗೊಬ್ಬರದ ಚೀಲದಲ್ಲಿ, ಭತ್ತದ ಹುಲ್ಲಿನ ನಡುವೆ ಇಟ್ಟು ತಂದಿದ್ದ. ತೆರೆದು ತೋರಿಸಿದ. ಒಂದು ಬಟ್ಟಲು. ಅಂಚು ಒಂದು ಕಡೆ ಹಾರಿತ್ತು. ಒಳಗೆಲ್ಲ ಕಪ್ಪು, ಹೊರಗೆ ಬಾಯಿಯ ಸುತ್ತ ಕಪ್ಪು, ಕೆಳಗೆ ಕೆಂಪು. ಒಂದು ಹನಿ ಪಾಲಿಶ್ ಬಳಿಯದೆ ಮಿರಮಿರ ಮಿಂಚುತ್ತಿತ್ತು. ಹಳೆಯ ಕಲ್ಲುಗೋರಿಗಳಲ್ಲಿ ಸಿಗುವ, ಎರಡು ಸಾವಿರ ವರ್ಷಕ್ಕೂ ಹಿಂದಿನ ಇಂಥವುಗಳ ಚಿತ್ರವನ್ನು ನಾನು ಇಪ್ಪತ್ತಾರು ವರ್ಷ ಪುಸ್ತಕದಲ್ಲಿ ತೋರಿಸಿ ಪಾಠ ಮಾಡಿದ್ದೇನೆ. ಕೈಯಲ್ಲಿ ಹಿಡಿದಿರಲಿಲ್ಲ.

"ಇದ್ರ ಜೋಡಿ ಎಲುಬಿನ ಚೂರೂ ಇದ್ವುರಿ," ಎಂದ ರೈತ.

ಮಾಲೀಕ ಎರಡು ಹೆಜ್ಜೆ ಹಿಂದೆ ಸರಿದ. "ಹೆಣದ ಸಾಮಾನಾ? ತಗದು ಹೊರಗ ಇಡು ಮಾರಾಯಾ. ದೇವರ ಬೆಟ್ಟದ ಬುಡದಾಗ ಇದನ್ನ ಇಡ್ತಾರೇನು? ಮ್ಯಾಲ ಒಡದೈತಿ ಬ್ಯಾರೆ."

ತಜ್ಞ ಇಣುಕಿ, ತುಂಬ ಚಿಕ್ಕದು ಎಂದ.

ಇಡೀ ಸಂಗ್ರಹಕ್ಕೆ ಬಂದ ಒಂದೇ ಒಂದು ಪ್ರಾಚೀನ ವಸ್ತು ಹೀಗೆ ಅರ್ಧ ನಿಮಿಷದಲ್ಲಿ ಹೊರಗೆ ಬಿತ್ತು. ಅದು ಯಾವ ಕಾಲದ್ದು, ಕಾನೂನಿನ ಪ್ರಕಾರ ಅದನ್ನು ಇವರು ಕೊಳ್ಳುವ ಹಾಗೂ ಇಲ್ಲ ಎಂದು ನಾನು ಹೇಳತೊಡಗಿದೆ. ಕೇಳುವವರು ಇರಲಿಲ್ಲ. ಇಬ್ಬರೂ ಬಟ್ಟೆಯಿಂದ ಕಟ್ಟೆಯ ಮೇಲಿನ ಚಹಾ ಒರೆಸುತ್ತಿದ್ದರು. ಪರ್ಸಿನಲ್ಲಿದ್ದ ಕಾರ್ಡನ್ನು ತೆಗೆದು ಅವರ ಮೇಜಿನ ಮೇಲಿಟ್ಟೆ. ಅದನ್ನು ಅವರು ಗಮನಿಸಿದರೋ ಇಲ್ಲವೋ ತಿಳಿಯದು.

ಹೊರಗೆ ಬೇವಿನ ಮರದ ಕೆಳಗೆ ಅತ್ತೆ ಆಗಲೇ ನೆಲದ ಮೇಲೆ ಕೂತು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮೊದಲ ಸಲ ಅವಳು ಬೆರಳ ಗೆಣ್ಣಿನಿಂದ ಬಡಿಯಲಿಲ್ಲ, ಅಂಗೈಯಿಂದ ತಡವಿದಳು. ಒಡೆದ ಅಂಚಿನಲ್ಲಿ ಉಗುರಿಟ್ಟು ದಪ್ಪ ಅಳೆದಳು.

"ಎಷ್ಟ್ ತೆಳ್ಳಗ ತಂದಾಳ ನೋಡು," ಎಂದಳು. "ಇಷ್ಟ್ ತೆಳ್ಳಗ ನನಗ ಎಂದೂ ಆಗ್ಲಿಲ್ಲ. ಇದನ್ನ ಬೋರಲು ಹಾಕಿ ಸುಟ್ಟಾರ. ಬಾಯಿ ಕಾಳಿನ ಹೊಟ್ಟಿನ್ಯಾಗ ಹುಗದೈತಿ, ಅದಕ್ಕ ಕರ್ರಗಾಗೈತಿ. ಮ್ಯಾಲ ಗಾಳಿ ಆಡೈತಿ, ಅದಕ್ಕ ಕೆಂಪು."

ನಾನು ತರಗತಿಯಲ್ಲಿ ಎಂದೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. 'ಕಪ್ಪು ಮತ್ತು ಕೆಂಪು ಮಡಿಕೆ' ಎಂದು ಬೋರ್ಡಿನ ಮೇಲೆ ಬರೆದು, ಮುಖ್ಯ ಪ್ರಶ್ನೆ ಎಂದು ಕೆಳಗೆ ಗೆರೆ ಎಳೆದು ಮುಂದೆ ಹೋಗುತ್ತಿದ್ದೆ.

ರೈತ ಕುಕ್ಕರಗಾಲಲ್ಲಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದ. "ಇದನ್ನ ಏನ್ ಮಾಡ್ಲಿರಿ ಮೇಡಂ?"

ಸರ್ಕಾರಕ್ಕೆ ತಿಳಿಸಬೇಕು, ಆ ಜಾಗವನ್ನು ಮತ್ತೆ ಅಗೆಯಬಾರದು ಎಂದು ಪಟಪಟ ಹೇಳಿದೆ. ಅವನು ಖಾಲಿ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

"ಹೊಲ ಕಸಗೊಂಡ್ರ? ನಾಕ್ ಮಂದಿ ಅದರ ಮ್ಯಾಲ ಉಣ್ಣಾವ್ರದೀವ್ರಿ."

ಸಂಬಳ ಬರುವವರ ಉಪದೇಶ ಹೀಗೆ ಸಲೀಸಾಗಿ ಬಾಯಿಂದ ಇಳಿಯುತ್ತದೆ. ನನ್ನ ಮೇಲೆ ನನಗೇ ತಿರಸ್ಕಾರ ಬಂತು. ಕಸಿದುಕೊಳ್ಳುವುದಿಲ್ಲ ಎಂದು ನನಗೆ ಖಚಿತವಿರಲಿಲ್ಲ, ಹಾಗಾಗಿ ಅದನ್ನು ಹೇಳಲಿಲ್ಲ. ನಾನೇ ವಿಚಾರಿಸುತ್ತೇನೆ, ಅಧಿಕಾರಿ ಬಂದ ದಿನ ನಾನೂ ನಿಮ್ಮ ಹೊಲಕ್ಕೆ ಬಂದು ನಿಲ್ಲುತ್ತೇನೆ, ಅಲ್ಲಿಯವರೆಗೆ ಹುಲ್ಲಿನಲ್ಲೇ ಇಡಿ ಎಂದೆ. ಅವನು ಅತ್ತೆಯ ಮುಖ ನೋಡಿದ. ಅವಳು ತಲೆಯಾಡಿಸಿದ ಮೇಲೆ ಒಪ್ಪಿದ.

ಮರುದಿನವೇ ಕೊಪ್ಪಳಕ್ಕೆ ಹೋಗಿ ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟೆ. ಅಧಿಕಾರಿ ಬಂದಾಗ ರಜೆ ಹಾಕಿ ನವಲಿಗೆ ಹೋದೆ. ವಯಸ್ಸಿನಲ್ಲಿ ಚಿಕ್ಕವರು, ಕಡಿಮೆ ಮಾತಿನವರು. ಚಪ್ಪಡಿ ಇದ್ದ ಮೂಲೆಯನ್ನು ಅಳೆದು, ನಾಲ್ಕು ಗೂಟ ಹೊಡೆಸಿ, ಅಷ್ಟು ಜಾಗ ಮಾತ್ರ ಉಳಬೇಡಿ, ಉಳಿದದ್ದು ನಿಮ್ಮದೇ ಎಂದರು. ಬಟ್ಟಲನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ರೈತನಿಗೆ ರಸೀದಿ ಬರೆದುಕೊಟ್ಟರು. ಅವನು ಅದನ್ನು ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡ. ಅವನ ಹೆಂಡತಿ ನಮಗೆಲ್ಲ ಮಜ್ಜಿಗೆ ಕೊಟ್ಟಳು, ಸ್ಟೀಲಿನ ಲೋಟದಲ್ಲಿ.

ರೆಸಾರ್ಟ್ ಶುರುವಾಯಿತು. ನನ್ನ ಸಹೋದ್ಯೋಗಿಯೊಬ್ಬರು ಹೋಗಿ ಬಂದು ಫೋನಿನಲ್ಲಿ ಚಿತ್ರ ಕಳಿಸಿದ್ದರು. ಗಡಿಗೆಗಳ ಒಳಗೆ ಬಣ್ಣದ ಬಲ್ಬು ಬಿಟ್ಟಿದ್ದಾರೆ. ನೋಡಲು ಬಹಳ ಚಂದ ಮೇಡಂ ಎಂದರು. ಹೌದೆಂದೆ.

ಮೊನ್ನೆ ಅತ್ತೆ ಫೋನ್ ಮಾಡಿದ್ದಳು. ಕುರಿ ಮರಿ ಹಾಕಿದ ಸುದ್ದಿ, ಮೊಣಕಾಲ ನೋವು ಎಲ್ಲ ಆದ ಮೇಲೆ, "ಆ ಬಟ್ಟಲಾ ಎಲ್ಲಿ ಇಟ್ಟಾರವ್ವಾ? ಇನ್ನೊಮ್ಮಿ ಕೈಯಾಗ ಹಿಡಿಯಾಕ ಕೊಡ್ತಾರೇನ?" ಎಂದು ಕೇಳಿದಳು.

ವಿಚಾರಿಸಿ ಹೇಳುತ್ತೇನೆ ಎಂದೆ. ಪರೀಕ್ಷೆ, ಪೇಪರ್ ತಿದ್ದುವುದು ಎಂದು ದಿನ ಹೋದವು. ಇನ್ನೂ ವಿಚಾರಿಸಿಲ್ಲ.